ಕೂಳೆ ಗದ್ದೆಯ ಹಾವಸೆ

ಕೊಡಗಿನಲ್ಲಿ ಪಾಚಿಗೆ ಬರವಿಲ್ಲ. ಜೂನ್ ಕಳೆದರೆ ಸಾಕು, ಅಂಗಳದ ಕಲ್ಲು, ಮನೆಯ ಹೆಂಚು, ಬಾವಿಕಟ್ಟೆ, ನಿಲ್ಲಿಸಿಟ್ಟ ಜೀಪಿನ ಕಿಟಕಿಯ ರಬ್ಬರು, ಎಲ್ಲಕ್ಕೂ ಹಸಿರು ಹತ್ತುತ್ತದೆ. ಬ್ಲೀಚಿಂಗ್ ಪೌಡರ್ ಚೆಲ್ಲಿ, ಕಡ್ಡಿ ಪೊರಕೆ ಹಿಡಿದು ಉಜ್ಜುವುದೇ ಮಳೆಗಾಲದ ಒಂದು ಕೆಲಸ. ಜಾರಿ ಬಿದ್ದು ಸೊಂಟ ಉಳುಕಿಸಿಕೊಂಡವರು ಪ್ರತಿ ಊರಲ್ಲೂ ಸಿಗುತ್ತಾರೆ. ಇಂಥ ಕಡೆ ನಿಂತು "ಒಂದು ಜಾತಿಯ ಪಾಚಿ ಕಮ್ಮಿಯಾಗ್ತಿದೆ" ಅಂದರೆ ಜನ ಸಂತೋಷ ಪಡುತ್ತಾರೆ. ಉಳಿದದ್ದೂ ಹೋಗಲಿ ಅನ್ನುತ್ತಾರೆ.

ನಾನು ಹೇಳುತ್ತಿರುವುದು ಅಂಗಳದ ಪಾಚಿಯ ಬಗ್ಗೆ ಅಲ್ಲ. ಇದು ಭೋರ್ಗರೆಯುವ ಮಳೆಯಲ್ಲಿ ಎಲ್ಲೂ ಕಾಣುವುದೇ ಇಲ್ಲ. ಮಳೆ ನಿಂತು, ಗದ್ದೆಯ ನೀರು ಇಳಿದ ಮೇಲೆ ಕೆಸರಿನ ಮೇಲೆ ಬರುತ್ತದೆ. ಎರಡು ಮೂರು ತಿಂಗಳು ಬದುಕುತ್ತದೆ. ಬಿಸಿಲು ಏರುವಷ್ಟರಲ್ಲಿ ಮುಗಿದುಹೋಗುತ್ತದೆ. ಎತ್ತರ ಅರ್ಧ ಸೆಂಟಿಮೀಟರ್ ಆಚೀಚೆ. ಇದರ ಕುಲದ ಹೆಸರು ಫಿಸ್ಕೋಮಿಟ್ರಿಯಂ. ಕನ್ನಡದಲ್ಲಿ ಇಂಥವಕ್ಕೆಲ್ಲ ಸೇರಿ ಹಾವಸೆ ಅನ್ನುತ್ತೇವೆ, ಮನೆಯಲ್ಲಿ ಪಾಚಿ ಅನ್ನುತ್ತೇವೆ. ಎರಡರಲ್ಲಿ ಯಾವುದಾದರೂ ಆದೀತು.

ನೀರಿನ ಗಿಡ ಅಲ್ವಾ, ಮಳೆ ಜಾಸ್ತಿಯಾದಷ್ಟೂ ಚೆನ್ನಾಗಿ ಬೆಳೆಯಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ನಮ್ಮ ತೋಟದವರ ಹತ್ತಿರ ಮಳೆಯ ಲೆಕ್ಕ ಪಕ್ಕಾ ಇರುತ್ತದೆ. ಅಜ್ಜನ ಕಾಲದ ಡೈರಿಯಲ್ಲೂ ದಿನದಿನದ ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆದಿಟ್ಟವರಿದ್ದಾರೆ. ಆದರೆ ಆ ಡೈರಿ ನೋಡಿ ಈ ಹಾವಸೆ ಎಲ್ಲಿ, ಯಾವಾಗ ಬರುತ್ತದೆ ಅಂತ ಹೇಳಲು ಆಗುವುದಿಲ್ಲ. ಅದನ್ನು ಹೇಳಬೇಕಾದರೆ ಗದ್ದೆ ಉತ್ತವರು ಯಾರು, ನೀರು ಬಿಟ್ಟವರು ಯಾರು ಅಂತ ಕೇಳಬೇಕು. ಮಳೆಗಿಂತ ಬೇಸಾಯವೇ ಇದರ ಪಂಚಾಂಗ.

ಜುಲೈಯಲ್ಲಿ ನಾಟಿ. ಆಗ ಗದ್ದೆ ತುಂಬ ನೀರು, ಅದರ ಮೇಲೆ ಮತ್ತೆ ಮಳೆ. ಇಷ್ಟು ಚಿಕ್ಕ ಗಿಡಕ್ಕೆ ಅಲ್ಲಿ ಜಾಗವಿಲ್ಲ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬ ಕಳೆದು, ಅಕ್ಟೋಬರಿನ ತುಲಾ ಸಂಕ್ರಮಣ ಕಳೆದು, ತೆನೆ ಹಾಲುಗಟ್ಟಿ ಬಲಿಯುವಾಗ ಏರಿ ಕಡಿದು ನೀರನ್ನು ತೋಡಿಗೆ ಬಿಡುತ್ತೇವೆ. ಮೊದಲ ಸಲ ಕೆಸರು ಗಾಳಿಗೆ ತೆರೆದುಕೊಳ್ಳುತ್ತದೆ. ತೆರೆದುಕೊಳ್ಳುತ್ತದೆ, ಆದರೆ ಒಣಗುವುದಿಲ್ಲ. ಬೈಲಿನ ಗದ್ದೆಗೆ ಮೇಲಿನ ತೋಟದಿಂದ ಒರತೆ ಇದ್ದೇ ಇರುತ್ತದೆ. ಬೆಳಿಗ್ಗೆ ಇಬ್ಬನಿ ಹನಿಯುತ್ತದೆ. ಭತ್ತದ ನೆರಳೂ ಇದೆ. ಮಣ್ಣಲ್ಲಿದ್ದ ಬೀಜಕಣ ಆಗ ಮೊಳೆಯುತ್ತದೆ. ಮೊದಲು ಹಸಿರು ನೂಲು ಹರಡುತ್ತದೆ. ಬರಿಗಣ್ಣಿಗೆ ಅದು ಕೆಸರಿಗೆ ಬಣ್ಣ ಹತ್ತಿದ ಹಾಗೆ ಕಾಣುತ್ತದೆ, ಅಷ್ಟೇ. ಆ ನೂಲಿನ ಮೇಲೆ ಮೊಗ್ಗು ಮೂಡಿ, ಮೊಗ್ಗಿನಿಂದ ಎಲೆ ಬರುತ್ತದೆ.

ಹುತ್ತರಿಯ ರಾತ್ರಿ ಕದಿರು ತೆಗೆಯಲು ಮನೆಮಂದಿಯೆಲ್ಲ ಗದ್ದೆಗೆ ಇಳಿಯುತ್ತಾರಲ್ಲ, ಕೋವಿ ಸಿಡಿದು, "ಪೊಲಿ ಪೊಲಿ ದೇವಾ" ಅಂತ ಕೂಗು ಹಾಕಿ, ಆಗ ನಮ್ಮ ಕಾಲಡಿ ಇರುವುದು ಇದೇ. ಹುಣ್ಣಿಮೆ ಬೆಳಕಿದ್ದರೂ ಯಾರೂ ನೋಡುವುದಿಲ್ಲ. ನೋಡಬೇಕಾದ ಹೊತ್ತೂ ಅಲ್ಲ ಅದು, ಬಿಡಿ.

ಕೊಯ್ಲು ಮುಗಿದು ಕೂಳೆ ಉಳಿದ ಮೇಲೆ ಬಿಸಿಲು ನೆಲಕ್ಕೆ ಮುಟ್ಟುತ್ತದೆ. ಹಾವಸೆಗೆ ಅದು ಸುಗ್ಗಿ. ಕೂಳೆಯ ಎರಡು ಬುಡಗಳ ನಡುವಿನ ಅಂಗೈ ಅಗಲದ ಜಾಗದಲ್ಲಿ ನೂರಾರು ಗಿಡ ಇರುತ್ತವೆ. ಇದರ ಜೊತೆಗೆ ರಿಕ್ಸಿಯಾ ಇರುತ್ತದೆ, ನೆಲಕ್ಕೆ ಅಂಟಿಕೊಂಡು ಕವಲು ಕವಲಾಗಿ ದುಂಡಗೆ ಹರಡುವಂಥದ್ದು. ಏರಿಯ ಇಳಿಜಾರಿನಲ್ಲಿ ಹಸಿರು ಕೊಂಬು ಎತ್ತಿದ ಆಂಥೋಸೆರಾಸ್ ಇರುತ್ತದೆ. ಮೂರೂ ಬೇರೆ ಬೇರೆ ಗುಂಪಿನವು, ಆದರೆ ಮೂವರಿಗೂ ಬೇಕಾದದ್ದು ಒಂದೇ, ಬೇರೆ ಹುಲ್ಲು ಬಂದು ಮುಚ್ಚದ ಹಸಿ ಮಣ್ಣು.

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೆನ್ಸ್ ಒಂದಿದ್ದರೆ ಸಾಕು. ಗೋಣಿಚೀಲ ಹಾಸಿ ಮಲಗಬೇಕು. ಲೆನ್ಸನ್ನು ಕಣ್ಣಿಗೇ ಒತ್ತಿಕೊಂಡು ತಲೆ ಬಗ್ಗಿಸಬೇಕು. ಎಲೆಗಳು ತುದಿಯ ಕಡೆಗೆ ಗುಂಪಾಗಿ ಹರಡಿಕೊಂಡಿರುತ್ತವೆ. ನಡುವಿನ ನರ ಬಿಟ್ಟರೆ ಎಲೆಯ ದಪ್ಪ ಒಂದೇ ಒಂದು ಕೋಶ. ಒಂದೆಲೆ ಕಿತ್ತು ಬೆಳಕಿಗೆ ಹಿಡಿದರೆ ಅದು ಮೀನಿನ ಬಲೆ ಹರಡಿದ ಹಾಗೆ ಕಾಣುತ್ತದೆ. ಈ ಕುಟುಂಬದ ಕೋಶಗಳು ಸ್ವಲ್ಪ ದೊಡ್ಡವು, ಹಾಗಾಗಿ ಸಾಧಾರಣ ಲೆನ್ಸಿನಲ್ಲೂ ಗೆರೆ ತಿಳಿಯುತ್ತದೆ. ಬೇರು ಇಲ್ಲ. ಬೇರಿನ ಹಾಗಿರುವ ಕಂದು ಎಳೆಗಳು ಗಿಡವನ್ನು ಮಣ್ಣಿಗೆ ಹಿಡಿದಿಡುತ್ತವೆ. ನೀರು ಕುಡಿಯುವುದೆಲ್ಲ ಹೆಚ್ಚಾಗಿ ಮೈಯಿಂದಲೇ.

ಡಿಸೆಂಬರ್ ಕೊನೆಗೆ ತುದಿಯಿಂದ ಒಂದು ಕಾಲು ಎದ್ದು ನಿಲ್ಲುತ್ತದೆ. ಅದರ ಮೇಲೊಂದು ಪುಟ್ಟ ಕಾಯಿ, ಕಾಯಿಗೆ ಉದ್ದ ಮೂಗಿನ ಟೋಪಿ. ಟೋಪಿ ಬೀಳುತ್ತದೆ, ಆಮೇಲೆ ಮುಚ್ಚಳ ಬೀಳುತ್ತದೆ. ಉಳಿಯುವುದು ಬಾಯಿ ಅಗಲವಾದ ಕಂದು ಬಟ್ಟಲು, ಒಳಗೆ ಪುಡಿಯಂಥ ಬೀಜಕಣ. ಬೇರೆ ಎಷ್ಟೋ ಹಾವಸೆಗಳ ಕಾಯಿಯ ಬಾಯಿಗೆ ಸುತ್ತ ಹಲ್ಲುಗಳಿರುತ್ತವೆ. ಹವೆ ಒಣಗಿದಾಗ, ತೇವವಾದಾಗ ಅವು ಅಲುಗಾಡಿ ಬೀಜಕಣವನ್ನು ಸ್ವಲ್ಪಸ್ವಲ್ಪವೇ ಹೊರಗೆ ಬಿಡುತ್ತವೆ. ಇದಕ್ಕೆ ಹಲ್ಲೇ ಇಲ್ಲ. ಬಾಯಿ ತೆರೆದು ಸುಮ್ನೆ ನಿಲ್ಲುತ್ತದೆ. ಎಲ್ಲವೂ ಇದ್ದಲ್ಲೇ ಚೆಲ್ಲಿ ಕೆಸರಿಗೆ ಸೇರಿದರೆ ನಷ್ಟವೇನೂ ಇಲ್ಲ, ಮುಂದಿನ ವರ್ಷ ಬೇಕಾದದ್ದು ಅದೇ ಕೆಸರು ತಾನೇ.

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಫ್ಯುನೇರಿಯಾದ ಚಿತ್ರ ಬಿಡಿಸಿದ ನೆನಪಿರಬಹುದು. ಒಂದು ಕಾಂಡ, ಕೆಳಗೆ ಎಳೆಗಳು, ಮೇಲೆ ಉದ್ದ ಕಾಲು, ತುದಿಯಲ್ಲಿ ಬಾಗಿದ ಕಾಯಿ. ಅದೂ ಇದೇ ಕುಟುಂಬ. ಫ್ಯುನೇರಿಯಾಕ್ಕೆ ಬೆಂಕಿ ಬಿದ್ದ ನೆಲ ಇಷ್ಟ, ಪ್ರಪಂಚದ ಎಷ್ಟೋ ಕಡೆ ಸುಟ್ಟ ಜಾಗಕ್ಕೆ ಮೊದಲು ಬರುವವರಲ್ಲಿ ಅದೂ ಒಂದು. ಒಣಗಿದ ಅದರ ಕಾಲಿಗೆ ಒಂದು ಹನಿ ನೀರು ಮುಟ್ಟಿಸಿ ನೋಡಿ. ಹುರಿ ಬಿಚ್ಚಿದಂತೆ ತಿರುಗುತ್ತದೆ. ಮಕ್ಕಳಿಗೆ ತೋರಿಸಲು ಇಷ್ಟು ಚೆನ್ನಾಗಿರುವ ಆಟವನ್ನು ಬಿಟ್ಟು ನಮಗೆ ಅದರ ಭಾಗಗಳ ಹೆಸರು ಬಾಯಿಪಾಠ ಮಾಡಿಸಿದರಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಕೊಡಗಿಗೂ ಈ ಕುಲಕ್ಕೂ ಒಂದು ಹಳೆಯ ನಂಟಿದೆ. ಫಿನ್ಲೆಂಡಿನ ವಿಕ್ಟರ್ ಫರ್ಡಿನಾಂಡ್ ಬ್ರೊಥೆರಸ್ ಅಂತ ಒಬ್ಬರಿದ್ದರು, ಹಾವಸೆಗಳ ದೊಡ್ಡ ಪಂಡಿತ. 1849ರಲ್ಲಿ ಹುಟ್ಟಿ 1929ರಲ್ಲಿ ತೀರಿಕೊಂಡವರು. ದಕ್ಷಿಣ ಭಾರತದಲ್ಲಿ ಸಂಗ್ರಹಿಸಿದ ಹಾವಸೆಗಳನ್ನು ನೋಡಿ ಅವರು 1899ರಲ್ಲಿ ಬರೆದದ್ದರಲ್ಲಿ ಫಿಸ್ಕೋಮಿಟ್ರಿಯಂ ಕೂರ್ಗೆನ್ಸ್ ಅಂತ ಒಂದು ಜಾತಿ ಇದೆ. ಆಗಿನ ಕೂರ್ಗ್, ಅಂದರೆ ನಮ್ಮ ಜಿಲ್ಲೆ, ಅದರ ಹೆಸರಿನಲ್ಲೇ ಇದೆ. ಕಾಫಿ, ಕಿತ್ತಳೆ, ಜೇನು, ಸೈನ್ಯ, ಹೀಗೆ ಕೊಡಗಿನ ಹೆಸರು ಹೇಳಿ ಹೆಮ್ಮೆ ಪಡುವ ಪಟ್ಟಿ ನಮ್ಮಲ್ಲಿ ಉದ್ದವಿದೆ. ಈ ಪಟ್ಟಿಗೆ ಹಾವಸೆಯನ್ನು ಸೇರಿಸಿದವರನ್ನು ನಾನಂತೂ ನೋಡಿಲ್ಲ. ಅಂದ ಹಾಗೆ ಗದ್ದೆಯಲ್ಲಿ ಲೆನ್ಸ್ ಹಿಡಿದು ಹೇಳಬಹುದಾದದ್ದು ಕುಲದವರೆಗೆ ಮಾತ್ರ. ಯಾವ ಜಾತಿ ಅಂತ ಹೇಳಬೇಕಾದರೆ ಕಾಯಿ, ಎಲೆಯ ಅಂಚು, ಬೀಜಕಣದ ಮೈ, ಎಲ್ಲವನ್ನೂ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಬೇಕು.

ಈ ಕುಲದಲ್ಲೇ ಒಬ್ಬ ಜಗತ್ಪ್ರಸಿದ್ಧ ಇದ್ದಾನೆ. ಫಿಸ್ಕೋಮಿಟ್ರಿಯಂ ಪೇಟೆನ್ಸ್. ಹಿಂದೆ ಅದನ್ನು ಫಿಸ್ಕೋಮಿಟ್ರೆಲ್ಲಾ ಅಂತ ಬೇರೆಯೇ ಇಟ್ಟಿದ್ದರು, ಈಗ ಇದೇ ಕುಲಕ್ಕೆ ಸೇರಿಸಿದ್ದಾರೆ. ನಮ್ಮ ಗದ್ದೆಯದಕ್ಕಿಂತಲೂ ಗಿಡ್ಡ. ಕಾಯಿಗೆ ಕಾಲು ಅಂತ ಇದ್ದೂ ಇಲ್ಲದ ಹಾಗೆ, ಎಲೆಗಳ ನಡುವೆಯೇ ಕೂತಿರುತ್ತದೆ. ಮುಚ್ಚಳವೂ ಇಲ್ಲ, ಕಾಯಿ ಹೇಗೆ ಬೇಕೋ ಹಾಗೆ ಒಡೆಯುತ್ತದೆ. ಯುರೋಪಿನಲ್ಲಿ ಕೆರೆ, ಹೊಳೆ, ಜಲಾಶಯಗಳ ಅಂಚಿನಲ್ಲಿ ನೀರು ಇಳಿದಾಗ ಕಾಣಿಸುವ ಕೆಸರೇ ಅದರ ಮನೆ. ಬೇಸಿಗೆಯ ಕೊನೆಗೆ ಶುರುವಾಗಿ ಚಳಿ ಬರುವಷ್ಟರಲ್ಲಿ ಕಾಯಿ ಕಟ್ಟಿ ಮುಗಿಸುತ್ತದೆ.

1962ರಲ್ಲಿ ಇಂಗ್ಲೆಂಡಿನ ಗ್ರಾನ್ಸ್‌ಡನ್ ವುಡ್ ಎಂಬಲ್ಲಿ ಎಚ್. ಎಲ್. ಕೆ. ವೈಟ್‌ಹೌಸ್ ಎಂಬುವರು ಇದನ್ನು ಎತ್ತಿಕೊಂಡು ಬಂದರು. ಅದರ ಒಂದು ಬೀಜಕಣದಿಂದ ಬೆಳೆಸಿದ ತಳಿಯೇ ಮುಂದೆ ಊರೂರಿನ ಪ್ರಯೋಗಾಲಯಗಳಿಗೆ ಹಬ್ಬಿತು. ಯಾಕೆ ಇದೇ ಬೇಕಾಯಿತು ಅಂದರೆ, ಹಾವಸೆಯ ಹಸಿರು ಗಿಡದಲ್ಲಿ ಪ್ರತಿ ಜೀನಿನದ್ದೂ ಒಂದೇ ಪ್ರತಿ ಇರುತ್ತದೆ. ನಮ್ಮಲ್ಲಿ ಎರಡಿವೆ, ಒಂದು ಕೆಟ್ಟರೆ ಇನ್ನೊಂದು ಮುಚ್ಚಿಡುತ್ತದೆ. ಇಲ್ಲಿ ಮುಚ್ಚಿಡುವವರಿಲ್ಲ, ಬದಲಾವಣೆ ಕೂಡಲೇ ಹೊರಗೆ ಕಾಣುತ್ತದೆ. ಅದರ ಮೇಲೆ, ಬೇಕಾದ ಜೀನನ್ನೇ ಗುರಿಯಿಟ್ಟು ಬದಲಿಸುವುದು ಬೇರೆ ಗಿಡಗಳಲ್ಲಿ ಹರಸಾಹಸವಾಗಿದ್ದಾಗ ಇದರಲ್ಲಿ ಸಲೀಸಾಗಿ ಆಗುತ್ತದೆ ಅಂತ 1997ರಲ್ಲಿ ಗೊತ್ತಾಯಿತು. ಎಲೆಯ ಒಂದು ಚೂರು ಸಿಕ್ಕರೂ ಅದರಿಂದ ಹೊಸ ಗಿಡ ಎಬ್ಬಿಸಬಹುದು. 2008ರಲ್ಲಿ ಇದರ ಪೂರ್ತಿ ಜೀನೋಮ್ ಓದಿ ಪ್ರಕಟಿಸಿದರು. ಹಾವಸೆಗಳಲ್ಲಿ ಅದೇ ಮೊದಲು. ಜರ್ಮನಿಯ ಫ್ರೈಬುರ್ಗ್‌ನಲ್ಲಿ ಇದನ್ನು ದೊಡ್ಡ ಪಾತ್ರೆಗಳಲ್ಲಿ ಬೆಳೆಸಿ ಔಷಧದ ಪ್ರೋಟೀನ್ ತೆಗೆಯುವ ಕೆಲಸ ವರ್ಷಗಳಿಂದ ನಡೆದಿದೆ. ಫ್ಯಾಬ್ರಿ ಎಂಬ ಅಪರೂಪದ ಕಾಯಿಲೆಗೆ ಬೇಕಾದ ಕಿಣ್ವ ಹೀಗೆ ತಯಾರಾಗಿ ಮನುಷ್ಯರ ಮೇಲಿನ ಮೊದಲ ಹಂತದ ಪರೀಕ್ಷೆಯವರೆಗೂ ಹೋಗಿದೆ. 2022ರಲ್ಲಿ ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದವರು ಇದರ ಕಾಯಿಗಳನ್ನು ಅಂತರಿಕ್ಷ ನಿಲ್ದಾಣದ ಹೊರಮೈಗೆ ಕಟ್ಟಿಸಿದರು. 283 ದಿನ ಗಾಳಿಯಿಲ್ಲದೆ, ಸೂರ್ಯನ ಬಿರುಸು ಬೆಳಕಿಗೆ ಒಡ್ಡಿಕೊಂಡು ಇದ್ದು ವಾಪಸ್ ಬಂದ ಬೀಜಕಣಗಳಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಬದುಕಿದ್ದವು.

ಇಷ್ಟೆಲ್ಲ ಸಾಹಸದ ನಡುವೆ ನನಗೆ ಕುತೂಹಲ ಹುಟ್ಟಿಸಿದ್ದು ಮಾತ್ರ ಒಂದು ಸಣ್ಣ ಸಂಗತಿ. ಪ್ರಯೋಗಾಲಯದಲ್ಲಿ ಇದು ಕಾಯಿ ಕಟ್ಟಬೇಕಾದರೆ ಏನು ಮಾಡುತ್ತಾರೆ ಗೊತ್ತಾ? ಮೊದಲು ಬೆಚ್ಚಗೆ, 25 ಡಿಗ್ರಿಯಲ್ಲಿ ಬೆಳೆಸುತ್ತಾರೆ. ಆಮೇಲೆ 15ರಿಂದ 17 ಡಿಗ್ರಿಯ ತಂಪಿಗೆ ಸಾಗಿಸಿ, ದಿನಕ್ಕೆ 8 ಗಂಟೆ ಮಾತ್ರ ಬೆಳಕು ಕೊಡುತ್ತಾರೆ. ಆಗ ಗಂಡು, ಹೆಣ್ಣು ಭಾಗಗಳು ಮೂಡುತ್ತವೆ, ಎರಡೂ ಒಂದೇ ಗಿಡದಲ್ಲಿ. ಕೊನೆಗೆ ಮೇಲಿಂದ ನೀರು ಹುಯ್ಯುತ್ತಾರೆ. ಗಂಡು ಕೋಶ ಈಜಿ ಹೋಗಬೇಕಲ್ಲ, ಅದಕ್ಕೆ. ಬೀಜಕಣದಿಂದ ಬೀಜಕಣಕ್ಕೆ ಸುಮಾರು 3 ತಿಂಗಳು. ಅಂದರೆ ಲಕ್ಷಗಟ್ಟಲೆ ಬೆಲೆಯ ಪೆಟ್ಟಿಗೆಯಲ್ಲಿ ಅವರು ತಯಾರು ಮಾಡುತ್ತಿರುವುದು ನೀರಿಳಿದ ಕೆರೆಯಂಚಿನಲ್ಲಿ ಚಳಿ ಶುರುವಾಗುವ ಹೊತ್ತನ್ನು. ನಮ್ಮಲ್ಲಿ ಡಿಸೆಂಬರಿನಲ್ಲೂ ಹಗಲು ಅಷ್ಟೇನೂ ಚಿಕ್ಕದಾಗುವುದಿಲ್ಲ, ಯುರೋಪಿನ ಲೆಕ್ಕ ಇಲ್ಲಿಗೆ ಹಾಗೇ ಹಾಕಲು ಬರುವುದಿಲ್ಲ. ಆದರೆ ನೀರು ಬಿಟ್ಟ ಗದ್ದೆ, ಕಂಬಳಿ ಹೊದೆಯುವ ಚಳಿ, ಬೆಳಗಿನ ಇಬ್ಬನಿ, ಇವನ್ನೆಲ್ಲ ಸಾಲಾಗಿ ಇಟ್ಟು ನೋಡಿದರೆ ಒಂದಕ್ಕೊಂದು ಹೊಂದುತ್ತದೆ.

ಇನ್ನೊಂದು ತಮಾಷೆ. ವರ್ಷಾನುಗಟ್ಟಲೆ ತಟ್ಟೆಯಿಂದ ತಟ್ಟೆಗೆ ಚೂರು ಹಾಕಿಯೇ ಬೆಳೆಸಿದ್ದರಿಂದ ಆ ಗ್ರಾನ್ಸ್‌ಡನ್ ತಳಿಗೆ ಕಾಯಿ ಕಟ್ಟುವ ಶಕ್ತಿ ಕುಂದಿದೆ, ಅದರ ಗಂಡು ಕೋಶಗಳು ಸರಿಯಿಲ್ಲ. ಹಾಗಾಗಿ ಕಾಯಿ ಬೇಕಾದವರು ಫ್ರೈಬುರ್ಗ್ ಹತ್ತಿರದ ರಾಯ್ಟೆ ಎಂಬಲ್ಲಿ ಸಿಕ್ಕ ಬೇರೆ ತಳಿಗೆ ಕೈಹಾಕಬೇಕಾಯಿತು. ಮತ್ತೆ ಹೊರಗಿನ ಕೆಸರಿಗೇ ಬರಬೇಕಾಯಿತು ಅನ್ನಿ.

ನಾನು ಗದ್ದೆಯಲ್ಲಿ ಮಲಗಿ ನೋಡುತ್ತಿದ್ದಾಗ ಪಕ್ಕದ ಗದ್ದೆಯ ಮಾವ ಏರಿ ಮೇಲೆ ಬಂದು ನಿಂತರು.

"ಎಂಥ ಬಿದ್ದುಹೋಯ್ತು ಮಾರಾಯ? ಉಂಗುರವಾ?"

"ಎಂಥದ್ದೂ ಇಲ್ಲ ಮಾವ. ಪಾಚಿ ನೋಡ್ತಿದ್ದೇನೆ."

"ಪಾಚಿಯಾ? ನಮ್ಮ ಅಂಗಳಕ್ಕೆ ಬಾ, ಬೇಕಾದಷ್ಟಿದೆ. ಪೊರಕೆಯೂ ಕೊಡ್ತೇನೆ."

ಲೆನ್ಸ್ ಅವರ ಕೈಗೆ ಕೊಟ್ಟೆ. ಎಪ್ಪತ್ತು ದಾಟಿದ ಮನುಷ್ಯ, ಬಗ್ಗಲು ಕಷ್ಟ. ಒಂದು ಹೆಂಟೆ ಎತ್ತಿ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು. "ಬಟ್ಟಲು ಬಟ್ಟಲು ಇದೆಯಲ್ಲ ಇದರಲ್ಲಿ" ಅಂದರು. ಆಮೇಲೆ, "ಇಲ್ಲಿ ಯಾಕೆ ಬಿದ್ದುಕೊಂಡಿದ್ದೀ, ಕೆಳಗಿನ ಗದ್ದೆಗೆ ಹೋಗು. ಅಲ್ಲಿ ಇನ್ನೂ ನೀರಿದೆ, ಇದಕ್ಕಿಂತ ಚೆನ್ನಾಗಿ ಬಂದಿರ್ತದೆ."

ಕೆಳಗಿನ ಗದ್ದೆ ಅವರದೇ. ನಾಟಿ ಬಿಟ್ಟು ವರ್ಷಗಳಾಗಿವೆ. ನೀರು ಬೇಕಾದಷ್ಟಿದೆ, ಫೆಬ್ರವರಿಯಲ್ಲೂ ಕಾಲು ಹೂತುಹೋಗುತ್ತದೆ. ಆದರೆ ಸೊಂಟದೆತ್ತರ ಹುಲ್ಲು, ಜೊಂಡು, ಕಾಡುಕೆಸ. ಇಬ್ಬರೂ ಇಳಿದು ಹುಲ್ಲು ಬಗೆದು ನೋಡಿದೆವು. ಒಂದೂ ಇಲ್ಲ. ನೆಲ ಕಾಣದಿದ್ದ ಮೇಲೆ ನೀರಿದ್ದು ಏನು ಪ್ರಯೋಜನ. ಅರ್ಧ ಸೆಂಟಿಮೀಟರಿನ ಗಿಡಕ್ಕೆ ಹುಲ್ಲಿನ ಜೊತೆ ಪೈಪೋಟಿ ಮಾಡಲು ಆಗುತ್ತದಾ? ಪ್ರತಿ ವರ್ಷ ಯಾರಾದರೂ ಬಂದು ನೆಲವನ್ನು ಕದಡಿ, ಉತ್ತು, ತುಳಿದು, ಬೋಳು ಮಾಡಿ ಕೊಡಬೇಕು. ಮನುಷ್ಯ ಬರುವ ಮೊದಲು ಆ ಕೆಲಸವನ್ನು ಹೊಳೆಯ ನೆರೆ ಮಾಡುತ್ತಿತ್ತು, ಆನೆ, ಕಾಟಿ, ಹಂದಿಗಳ ತುಳಿತ ಮಾಡುತ್ತಿತ್ತು. ಗದ್ದೆ ಬಂದ ಮೇಲೆ ಅಂಥ ಜಾಗ ಇಡೀ ಬೈಲಿಗೆ ಹರಡಿತು. ಯುರೋಪಿನಲ್ಲೂ ಕಥೆ ಹೀಗೇ. ಅಲ್ಲಿ ಮೀನು ಸಾಕುವ ಕೆರೆಗಳ ನೀರನ್ನು ಆಗಾಗ ಬಿಟ್ಟು ತಳ ಒಣಗಿಸುವ ಹಳೆಯ ರೂಢಿಯಿದೆ, ಆ ತಳದ ಕೆಸರಿನಲ್ಲಿ ಪೇಟೆನ್ಸ್ ಹಾಸಿಕೊಂಡು ಬರುತ್ತದೆ.

ಅದಕ್ಕೇ "ಏನೂ ಮಾಡದೆ ಬಿಟ್ಟುಬಿಡಿ, ಪ್ರಕೃತಿ ತಾನೇ ಸರಿಹೋಗುತ್ತದೆ" ಎಂಬ ಮಾತು ಕೇಳಿದರೆ ನನಗೆ ಕಿರಿಕಿರಿ. ದೇವರಕಾಡಿಗೆ ಆ ಮಾತು ಸರಿ. ಗದ್ದೆಗೆ ಅಲ್ಲ. ಗದ್ದೆಯ ಜೀವಿಗಳಿಗೆ ಗದ್ದೆ ಕೆಲಸ ಬೇಕು.

ಹಾಗಂತ ಗದ್ದೆ ಬಿಟ್ಟವರನ್ನು ದೂರುತ್ತಿಲ್ಲ. ನಾಟಿಗೆ ಆಳು ಸಿಗುವುದಿಲ್ಲ. ಸಿಕ್ಕರೆ ಕೂಲಿ ಕೊಟ್ಟು ಪೂರೈಸುವುದಿಲ್ಲ. ತೆನೆ ಬಲಿಯುವ ಹೊತ್ತಿಗೆ ಸರಿಯಾಗಿ ಆನೆ ಬರುತ್ತದೆ, ಆನೆ ಬಿಟ್ಟದ್ದನ್ನು ಹಂದಿ ಮುಗಿಸುತ್ತದೆ. ಅಂಗಡಿಯಲ್ಲಿ ಅಕ್ಕಿ ತರುವುದೇ ಅಗ್ಗ. ಶುಂಠಿಗೆ ಕೊಟ್ಟರೆ ಗುತ್ತಿಗೆ ದುಡ್ಡು ಮೊದಲೇ ಕೈಗೆ ಬರುತ್ತದೆ. ಮಣ್ಣು ತುಂಬಿಸಿ ಮನೆ, ಹೋಂಸ್ಟೇ ಕಟ್ಟಿದವರೂ ಇದ್ದಾರೆ. ಹುತ್ತರಿಗೆ ಕದಿರು ತೆಗೆಯಲು ಬೇರೆಯವರ ಗದ್ದೆಗೆ ಹೋಗುವ ಮನೆಗಳು ನಮ್ಮ ಕಡೆ ಜಾಸ್ತಿಯಾಗಿವೆ. ನಮ್ಮ ಗದ್ದೆಯೂ ಉಳಿದಿರುವುದು ಲಾಭಕ್ಕಲ್ಲ, ಬಿಡಲು ಮನಸ್ಸು ಬಾರದೆ.

ಪಾಳು ಬಿದ್ದ ಗದ್ದೆಯಲ್ಲಿ ಗಿಡ ಇಲ್ಲ ಅಂದರೆ ಕಥೆ ಮುಗಿಯಿತು ಅಂತಲೂ ಅಲ್ಲ. ಇಂಥ ಹಾವಸೆಗಳ ಬೀಜಕಣ ಕೆಸರಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ. ಉಳುಮೆ ಮಾಡಿ ಮೇಲೆ ತಂದರೆ ಮೊಳೆಯುತ್ತದೆ. ಮಣ್ಣು ತುಂಬಿಸಿ ಮುಚ್ಚಿದರೆ ಮಾತ್ರ ಕಷ್ಟ. ಮಾವನ ಕೆಳಗಿನ ಗದ್ದೆಯನ್ನು ಶುಂಠಿಗೆ ಕೇಳಿಕೊಂಡು ಬಂದವರಿದ್ದಾರೆ. ಅವರ ಮಗ ಬೆಂಗಳೂರಿನಿಂದ ಫೋನ್ ಮಾಡಿ, ಕೊಟ್ಟುಬಿಡಿ ಅನ್ನುತ್ತಾನೆ. ಮಾವ ಹೂಂ ಅಂದಿಲ್ಲ, ಉಹೂಂ ಅಂತಲೂ ಅಂದಿಲ್ಲ. ಒಂದು ಮಡಿಯನ್ನಾದರೂ ಮುಂದಿನ ಮಳೆಗೆ ಟಿಲ್ಲರ್ ಹೊಡೆಸಿ ನಾಟಿ ಮಾಡೋಣ, ಆಳಿನ ಖರ್ಚಿನಲ್ಲಿ ಅರ್ಧ ನನ್ನದು ಅಂದಿದ್ದೇನೆ. ಪಾಚಿಗೋಸ್ಕರ ಖರ್ಚು ಹಂಚಿಕೊಳ್ಳುತ್ತಾನೆ ಅಂತ ಅವರು ಊರಿಡೀ ಹೇಳಿಕೊಂಡು ಬಂದಿದ್ದಾರೆ.

ನೋಡುವ ಆಸೆಯಿದ್ದವರು ಕೊಯ್ಲು ಮುಗಿದ ಮೇಲೆ, ದನ ಬಿಡುವುದಕ್ಕೆ ಮೊದಲು ಬನ್ನಿ. ಫೆಬ್ರವರಿಗೆ ಬಂದರೆ ಬಿರುಕು ಬಿಟ್ಟ ನೆಲ ಮಾತ್ರ ಸಿಗುತ್ತದೆ. ಹೂಮಳೆ ಬಿದ್ದು ಕಾಫಿ ತೋಟವೆಲ್ಲ ಬೆಳ್ಳಗಾಗುವ ಹೊತ್ತಿಗೆ ಇದರ ಸುದ್ದಿಯೇ ಇರುವುದಿಲ್ಲ. ಬೆಳಿಗ್ಗೆ ಒಂಬತ್ತರೊಳಗೆ ಒಳ್ಳೆಯದು, ಇಬ್ಬನಿ ಆರಿದರೆ ಎಲೆ ಮುದುಡಿಕೊಳ್ಳುತ್ತದೆ. ಆಗಲೇ ಮುದುಡಿದ್ದರೆ ಬಾಟಲಿ ನೀರು ಸ್ವಲ್ಪ ಚಿಮುಕಿಸಿ, ನೋಡುತ್ತಿದ್ದ ಹಾಗೆ ಬಿಚ್ಚಿಕೊಳ್ಳುತ್ತದೆ. ಏರಿಯ ಮಗ್ಗುಲಲ್ಲಿ, ಹೋದ ಸಲ ಕಾಲು ಹೂತ ಗುಳಿಗಳಲ್ಲಿ, ಒರತೆ ಜಿನುಗುವ ಮೂಲೆಯಲ್ಲಿ ಹುಡುಕಿ. ಜಿಗಣೆ ಕಾಟ ಅಷ್ಟರಲ್ಲಿ ಕಮ್ಮಿಯಾಗಿರುತ್ತದೆ. ಗದ್ದೆಯವರನ್ನು ಕೇಳಿಯೇ ಇಳಿಯಿರಿ. ಪಾಚಿ ನೋಡಲು ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಒಂದು ಸಲ ಮುಖ ನೋಡುತ್ತಾರೆ, ಆಮೇಲೆ ಕಾಫಿ ಕುಡಿದು ಹೋಗಿ ಅನ್ನುತ್ತಾರೆ.